ನವಿಲುಬಣ್ಣದ ಮಣಿಚೀಲ

ಮೃಣಾಲಿನಿ ವಿಶಾಖಪಟ್ಟಣಕ್ಕೆ ಬಂದದ್ದು 1983ರ ಜೂನ್‌ನಲ್ಲಿ, ಬ್ಯಾಂಕ್ ಆಫೀಸರಾಗಿದ್ದ ಗಂಡ ಚಂದ್ರಮೌಳಿಗೆ ಅಲ್ಲಿಗೆ ವರ್ಗವಾದಾಗ. ಊರು ಹಾಸನ. ಮಗಳು ಶುಭಾಳಿಗೆ ಆಗ ಆರು ವರ್ಷ. ಮೃಣಾಲಿನಿಗೆ ತೆಲುಗು ಒಂದು ಮಾತೂ ಬಾರದು. ತರಕಾರಿಯವಳಿಗೆ ಬೆರಳು ತೋರಿಸಿ, ಹಾಲಿನವನಿಗೆ ತಲೆಯಾಡಿಸಿ ಮೊದಲ ಆರು ತಿಂಗಳು ಕಳೆದಳು. ದ್ವಾರಕಾನಗರದ ಆ ಬಾಡಿಗೆ ಮನೆಯಿಂದ ಸಮುದ್ರ ಕಾಣುತ್ತಿರಲಿಲ್ಲ. ಉಪ್ಪುಗಾಳಿ ಮಾತ್ರ ಬಂದು ಬೀರುವಿನ ಕೀಲುಗಳಿಗೆ ತುಕ್ಕು ಹಿಡಿಸುತ್ತಿತ್ತು.

ಅವಳಿಗೆ ಗೊತ್ತಿದ್ದ ಒಂದು ವಿದ್ಯೆಯೆಂದರೆ ಮಣಿ ಹೆಣೆಯುವುದು. ಕಲಿಸಿದವಳು ಅಜ್ಜಿ. ಹಾಸನದ ಅವರ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆ ನಡೆದರೂ ಮಣಿ ಹೊದಿಸಿದ ತೆಂಗಿನಕಾಯಿ, ಮಣಿಯ ಕಳಸ, ಬಾಗಿಲಿಗೆ ಕಟ್ಟುವ ಮಣಿತೋರಣ ಇವರ ಮನೆಯಿಂದಲೇ ಹೋಗಬೇಕು. ಹತ್ತನೆಯ ವಯಸ್ಸಿಗೇ ಮೃಣಾಲಿನಿ ಕೂದಲೆಳೆಯಂಥ ಸೂಜಿಯಲ್ಲಿ ಹಸುವನ್ನೂ ಕೃಷ್ಣನನ್ನೂ ಹೆಣೆಯುತ್ತಿದ್ದಳು.

ಹಾಗಾಗಿ, 1984ರಲ್ಲಿ ಒಂದು ದಿನ ರೈಲ್ವೆ ಕಾಲೊನಿಗೆ ಹಳೆಯ ಹೊಲಿಗೆ ಮಿಷನ್ನು ನೋಡಲು ಹೋದವಳು ಬೇರೇನನ್ನೋ ನೋಡಿ ನಿಂತುಬಿಟ್ಟಳು. ಒಂದು ಆಂಗ್ಲೋ ಇಂಡಿಯನ್ ಕುಟುಂಬ ಆಸ್ಟ್ರೇಲಿಯಾಕ್ಕೆ ಹೊರಟಿತ್ತು. ಮನೆಯ ಸಾಮಾನನ್ನೆಲ್ಲ ಜಗಲಿಯಲ್ಲಿ ಹರಡಿ ಮಾರುತ್ತಿದ್ದರು. ಪಿಂಗಾಣಿ ತಟ್ಟೆಗಳ ನಡುವೆ ಅಂಗೈಯಗಲದ ಒಂದು ಕಪ್ಪು ಚೀಲ ಬಿದ್ದಿತ್ತು. ಮೈತುಂಬ ಸಾಸಿವೆಗಿಂತ ಸಣ್ಣ ಗಾಜಿನ ಮಣಿ, ಟಿಕ್ ಎಂದು ಮುಚ್ಚಿಕೊಳ್ಳುವ ಬೆಳ್ಳಿಬಣ್ಣದ ಬಾಯಿ. ಸಂಜೆಯ ಪಾರ್ಟಿಗಳಿಗೆ ಹೋಗುವಾಗ ಹೆಂಗಸರು ಹಿಡಿಯುತ್ತಿದ್ದ ಕೈಚೀಲ ಅದು ಎಂದು ಮನೆಯಾಕೆ ಹೇಳಿದರು. ಮೃಣಾಲಿನಿ ಅಂಥ ಪಾರ್ಟಿಯನ್ನು ಕಂಡವಳಲ್ಲ, ಮುಂದೆ ಕಾಣುವವಳೂ ಅಲ್ಲ. ಆದರೆ ಚೀಲವನ್ನು ತಿರುಗಿಸಿ, ಹಿಂಬದಿಯಲ್ಲಿ ಮಣಿ ಉದುರಿದ್ದ ಕಡೆ ದಾರದ ಗಂಟನ್ನು ನೋಡಿದಾಗ ಅವಳಿಗೆ ಮೈ ಜುಮ್ಮೆಂದಿತು. ಅಜ್ಜಿ ಹಾಕುತ್ತಿದ್ದದ್ದು ಇದೇ ಗಂಟು. ಹೊಲಿಗೆ ಮಿಷನ್ನು ಬಿಟ್ಟು ಚೀಲ ತಂದಳು.

ಚಂದ್ರಮೌಳಿ ನಕ್ಕ. "ಇದ್ರಲ್ಲಿ ಒಂದು ಬಸ್ ಟಿಕೆಟ್ಟೂ ಸರಿಯಾಗಿ ಹಿಡಿಯಲ್ಲವಲ್ಲೇ."

"ಹಿಡೀದೇ ಇರ್ಲಿ ಬಿಡಿ. ನಾನೇನು ಬಸ್ಸಿಗೆ ತಗೊಂಡು ಹೋಗ್ತೀನಾ?"

ಆಮೇಲೆ ಅದೇ ಹುಚ್ಚಾಯಿತು. ಊರು ಬಿಡುವವರ ಮನೆಗಳು, ಹಳೇ ಪೇಟೆ ಒನ್ ಟೌನ್‌ನಲ್ಲಿ ಸತ್ಯಮೂರ್ತಿಯವರ ಹಳೇ ಸಾಮಾನಿನ ಅಂಗಡಿ, ಎಲ್ಲಿ ಮಣಿಚೀಲವಿದೆಯೆಂದು ಸುದ್ದಿ ಬಂದರೂ ಹೋಗುವಳು. ಸತ್ಯಮೂರ್ತಿ ಅರವತ್ತು ದಾಟಿದ ಒಳ್ಳೆಯ ಮನುಷ್ಯ. ಗ್ರಾಮಫೋನು, ಹಡಗಿನ ಗಡಿಯಾರಗಳ ಮಧ್ಯೆ ಕೂತು, ಇವಳಿಗಾಗಿಯೇ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಚೀಲಗಳನ್ನು ಎತ್ತಿಡುತ್ತಿದ್ದರು. ಮೃಣಾಲಿನಿ ಅವನ್ನು ತಂದು, ಉದುರಿದ ಮಣಿಗೆ ಮಣಿ ಹುಡುಕಿ, ಹರಿದ ಲೈನಿಂಗ್ ಬಿಚ್ಚಿ ಹೊಸದು ಹೊಲಿದು, ಗಂಡನ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಬೀರುವಿನಲ್ಲಿಡುವಳು. ಮೂರು ವರ್ಷದಲ್ಲಿ ಹದಿನೇಳು ಚೀಲಗಳಾದವು. ಒಂದನ್ನೂ ಹೊರಗೆ ಹಿಡಿದುಕೊಂಡು ಹೋದವಳಲ್ಲ.

1987ರಲ್ಲಿ ಗೋಕುಲಾಷ್ಟಮಿಯ ಮಾರನೆಯ ದಿನ ಮನೆಯೊಡತಿ ಗಂಗಾಭವಾನಿ ಅಳುತ್ತಾ ಮಹಡಿ ಹತ್ತಿ ಬಂದರು. ಮಹಾರಾಣಿಪೇಟೆಯ ಡಾಕ್ಟರ್ ಅನಸೂಯಾ ಅವರನ್ನು ಯಾರೋ ಕೊಂದು ಮನೆ ದೋಚಿದ್ದರು. ಗಂಗಾಭವಾನಿಯ ಎರಡೂ ಹೆರಿಗೆ ಮಾಡಿಸಿದ ಡಾಕ್ಟರು. ಮದುವೆಯಾಗದೆ, ಎಪ್ಪತ್ತಾರನೆಯ ವಯಸ್ಸಿನಲ್ಲಿ ಒಬ್ಬರೇ ದೊಡ್ಡ ಮನೆಯಲ್ಲಿದ್ದರು. ಅಡುಗೆಯವಳೊಬ್ಬಳು ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದಳು. ಅಷ್ಟಮಿಯ ಸಂಜೆ ಅವಳು ದೇವಸ್ಥಾನಕ್ಕೆ ಹೋಗಿದ್ದಳಂತೆ. ಬೆಳಿಗ್ಗೆ ಕಾಫಿ ತಗೊಂಡು ಹೋದಾಗ ಡಾಕ್ಟರು ಹಾಸಿಗೆಯಲ್ಲಿ, ಮುಖದ ಮೇಲೆ ದಿಂಬು.

"ಅಡುಗೆಯವಳನ್ನೇ ಹಿಡ್ಕೊಂಡು ಹೋಗಿದಾರೆ" ಎಂದರು ಗಂಗಾಭವಾನಿ. "ಕನಕಲಕ್ಷ್ಮಿ ಅಂತ. ಹದಿನೆಂಟು ವರ್ಷ ಉಪ್ಪು ತಿಂದವಳು. ಯಾರನ್ನ ನಂಬೋದು ಹೇಳಿ."

ಅದು ಸೋಮವಾರ. ಬುಧವಾರ ಮಧ್ಯಾಹ್ನ ಒಬ್ಬ ಮೃಣಾಲಿನಿಯ ಬಾಗಿಲಿಗೆ ಬಂದ.

ಮೂವತ್ತು, ಮೂವತ್ತೆರಡು ವರ್ಷವಿರಬಹುದು. ತೆಳ್ಳಗೆ, ಶುಭ್ರವಾದ ಷರಟು, ಜೇಬಿನಲ್ಲಿ ಒಂದು ಕಟಿಂಗ್ ಪ್ಲೇಯರು. ಎಡಹುಬ್ಬಿನ ನಡುವೆ ಕೂದಲು ಬೆಳೆಯದ ಗೆರೆ, ಹುಬ್ಬು ಎರಡು ತುಂಡಾದಂತೆ. ಸತ್ಯಮೂರ್ತಿಯವರು ವಿಳಾಸ ಕೊಟ್ಟರು ಎಂದ. ಪೇಪರಿನಲ್ಲಿ ಸುತ್ತಿದ್ದುದನ್ನು ಬಿಚ್ಚಿದ.

ಮೃಣಾಲಿನಿ ಉಸಿರು ಬಿಡುವುದನ್ನೇ ಮರೆತಳು. ನವಿಲುಬಣ್ಣದ ಚೀಲ. ಒಮ್ಮೆ ನೀಲಿ, ಕೈ ಅಲುಗಿಸಿದರೆ ಹಸಿರು. ಹದಿನೇಳರಲ್ಲಿ ಇಂಥದ್ದು ಒಂದೂ ಇರಲಿಲ್ಲ.

"ನಮ್ಮ ಅಜ್ಜಿದು ಅಮ್ಮಗಾರೂ" ಎಂದ, ಮೆತ್ತನೆಯ ತೆಲುಗಿನಲ್ಲಿ. ಅವಳು ಹೇಳಿದ ಬೆಲೆಗೆ ಒಪ್ಪಿಕೊಂಡ, ಚೌಕಾಶಿ ಮಾಡಲಿಲ್ಲ. ಕುಡಿಯಲು ನೀರು ಕೇಳಿದ. ನಿಧಾನವಾಗಿ ಕುಡಿದು, ಒಳಗೆ ಕಣ್ಣು ಹಾಯಿಸಿ, "ಸಾರ್ ಬರೋದು ಸಂಜೆನಾ?" ಎಂದು ಕೇಳಿ ಹೊರಟುಹೋದ.

ಶುಕ್ರವಾರ ಅವಳು ಚೀಲದ ಲೈನಿಂಗ್ ನೋಡಲು ಕೂತಳು. ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟು, ಬಟ್ಟೆಯ ಹಿಂದೆ ಏನೋ ಸೇರಿಕೊಂಡಿತ್ತು. ಚಿಮಟದಿಂದ ಎಳೆದಳು. ನಾಲ್ಕು ಮಡಿಕೆಯ ಕಾಗದ. ಕನ್ನಡಕದ ಅಂಗಡಿಯ ರಸೀತಿ. ಓದುವ ಕನ್ನಡಕ ಒಂದು, ತಾರೀಕು 11 ಆಗಸ್ಟ್ 1987, ಹೆಸರು ಡಾಕ್ಟರ್ ಎಂ. ಅನಸೂಯಾ.

ಮೊದಲು ಅವಳಿಗೆ ಏನೂ ಅನ್ನಿಸಲಿಲ್ಲ. ಹೆಸರನ್ನು ಎರಡನೆಯ ಸಲ ಓದಿದಳು. ಆಮೇಲೆ ಕೈಯಲ್ಲಿದ್ದ ಚೀಲ ಬೆಚ್ಚಗಿದೆಯೆನ್ನಿಸಿ ನೆಲಕ್ಕೆ ಬಿಟ್ಟುಬಿಟ್ಟಳು. ಮಣಿಗಳು ಸಿಮೆಂಟಿನ ಮೇಲೆ ಕಿರ್ರೆಂದವು. ಅವನು ನೀರು ಕುಡಿದ ಲೋಟ ಅಡುಗೆಮನೆಯಲ್ಲಿ ಉಳಿದ ಲೋಟಗಳ ಜೊತೆ ಸೇರಿಹೋಗಿತ್ತು. ಯಾವುದೆಂದು ಗೊತ್ತಾಗಲಿಲ್ಲ. ಎಲ್ಲ ಲೋಟಗಳನ್ನೂ ತೊಳೆದಳು. ಮತ್ತೊಮ್ಮೆ ತೊಳೆದಳು. ಬಾಗಿಲ ಚಿಲಕ ಹಾಕಿ, ಗಂಡ ಬರುವವರೆಗೆ ದೇವರಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು.

ಚಂದ್ರಮೌಳಿ ರಸೀತಿ ಓದಿ ಬೆವರಿದ. "ಪೊಲೀಸಿಗೆ ಹೋಗೋದಾ?" ಎಂದು ಅವಳು ಕೇಳಿದಳು.

"ಹುಚ್ಚಾ ನಿಂಗೆ? ಕಳ್ಳಮಾಲು ಕೊಂಡವರು ನಾವು. ಬ್ಯಾಂಕ್ ಆಫೀಸರ್ ಮನೇಲಿ ಕೊಲೆಯಾದವರ ಸಾಮಾನು ಸಿಕ್ತು ಅಂತ ಪೇಪರಲ್ಲಿ ಬಂದ್ರೆ? ಊರು ನಮ್ದಲ್ಲ, ಭಾಷೆ ನಮ್ದಲ್ಲ. ಮೇಲಾಗಿ ಅವನಿಗೆ ಮನೆ ಗೊತ್ತು."

"ಆ ಅಡುಗೆಯವಳು?"

"ಅವಳೂ ಸೇರ್ಕೊಂಡಿರ್ಬೋದು. ಯಾರಿಗೆ ಗೊತ್ತು? ಅವಳ ತಪ್ಪಲ್ಲ ಅಂದ್ರೆ ಪೊಲೀಸರೇ ಬಿಡ್ತಾರೆ."

ಆ ಮಾತನ್ನು ಮೃಣಾಲಿನಿ ನಂಬಿದಳು. ನಂಬುವುದು ಸುಲಭವಾಗಿತ್ತು. ಆದರೆ ಲೆಕ್ಕ ಅವಳ ತಲೆಯಲ್ಲಿ ಆಗಲೇ ಕೂತಿತ್ತು. ಅಡುಗೆಯವಳನ್ನು ಹಿಡಿದದ್ದು ಸೋಮವಾರ. ಚೀಲ ಬಾಗಿಲಿಗೆ ಬಂದದ್ದು ಬುಧವಾರ.

ಚೀಲವನ್ನು ಸಮುದ್ರಕ್ಕೆ ಹಾಕಿಬಿಡೋಣ ಎಂದು ಚಂದ್ರಮೌಳಿಯೇ ಹೇಳಿದ. ಭಾನುವಾರ ಸಂಜೆ ಶುಭಾಳನ್ನು ಗಂಗಾಭವಾನಿಯ ಮನೆಯಲ್ಲಿ ಬಿಟ್ಟು ಇಬ್ಬರೂ ಬೀಚಿಗೆ ಹೋದರು. ಕಡಲೆ ಮಾರುವವರು, ಮಕ್ಕಳು, ಗಾಳಿಪಟ. ತರಕಾರಿ ಬ್ಯಾಗಿನ ತಳದಲ್ಲಿ ಚೀಲ. ಬಂಡೆಗಳ ತನಕ ನಡೆದರು. ಪ್ರತಿಯೊಬ್ಬ ಗಂಡಸಿನ ಹುಬ್ಬಿನ ಕಡೆಗೇ ಅವಳ ಕಣ್ಣು.

"ಹಾಕು" ಎಂದ ಗಂಡ.

ಅವಳು ಬ್ಯಾಗಿನೊಳಗೆ ಕೈಯಿಟ್ಟು ನಿಂತೇ ಇದ್ದಳು. ಅಲೆ ಬಂತು, ಹೋಯಿತು. "ಆಗಲ್ಲ ರೀ. ಇದನ್ನ ಹಾಕಿಬಿಟ್ರೆ ಆಮೇಲೆ ಏನೂ ಉಳಿಯಲ್ಲ. ಆ ಅಡುಗೆಯವಳ ಪರವಾಗಿ ಹೇಳೋಕೆ ಏನೂ ಉಳಿಯಲ್ಲ."

ಚಂದ್ರಮೌಳಿ ಸಿಟ್ಟಿನಿಂದ ಮುಂದೆ ಮುಂದೆ ನಡೆದುಬಿಟ್ಟ. ಚೀಲ ಮನೆಗೆ ವಾಪಸ್ಸು ಬಂತು. ರಸೀತಿಯನ್ನು ಅದರೊಳಗೇ ಇಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಕ್ಕಿಡಬ್ಬದ ತಳದಲ್ಲಿ ಹೂತಿಟ್ಟಳು. ಅಂದಿನಿಂದ ಅನ್ನಕ್ಕೆ ಅಕ್ಕಿ ತೆಗೆಯುವಾಗಲೆಲ್ಲ ಪಾವು ಅದಕ್ಕೆ ತಗುಲದಂತೆ ಮೇಲುಮೇಲಿನಿಂದಲೇ ತೋಡುವಳು.

ಅವನು ಮತ್ತೆ ಬಂದದ್ದು ಸೆಪ್ಟೆಂಬರ್ ನಡುವಿನಲ್ಲಿ, ಹಗಲು ಹನ್ನೆರಡು ಗಂಟೆಗೆ. ಗ್ಯಾಸ್ ಸಿಲಿಂಡರಿಗೆ ಬರೆಸಿದ್ದಳು. ಬೆಲ್ ಆದಾಗ ಅದೇ ಇರಬೇಕೆಂದು ಬಾಗಿಲು ತೆಗೆದಳು.

"ಅಮ್ಮಗಾರೂ, ಅವತ್ತು ಕೊಟ್ಟ ಚೀಲ ವಾಪಸ್ ಬೇಕಾಗಿತ್ತು" ಎಂದ, ಅದೇ ಮೆತ್ತನೆಯ ತೆಲುಗಿನಲ್ಲಿ. "ನಮ್ಮಕ್ಕ ಅಳ್ತಾ ಕೂತಿದಾಳೆ. ನೀವು ಕೊಟ್ಟಿದ್ದರ ಮೇಲೆ ಇನ್ನಷ್ಟು ಸೇರಿಸಿ ಕೊಡ್ತೀನಿ."

ಮನೆಯಲ್ಲಿ ಅವಳೊಬ್ಬಳೇ. ಕೆಳಗೆ ಗಂಗಾಭವಾನಿಯೂ ಇರಲಿಲ್ಲ. "ಅದು ಇಲ್ಲಿಲ್ಲ. ಊರಿಗೆ ಕಳಿಸಿಬಿಟ್ಟೆ. ನಮ್ಮ ನಾದಿನಿಗೆ."

"ಯಾವ ಊರು?"

"ಹಾಸನ. ಬಹಳ ದೂರ."

ಅವನು ತಲೆದೂಗಿದ. ಹೊಸ್ತಿಲ ಆಚೆಗೇ ನಿಂತಿದ್ದ, ಒಂದು ಹೆಜ್ಜೆಯೂ ಮುಂದಿಡಲಿಲ್ಲ. "ಒಳಗೆ ಏನಾದ್ರೂ ಇತ್ತಾ ಅಮ್ಮಗಾರೂ?"

"ಏನೂ ಇರಲಿಲ್ಲ."

ತಾನು ತೀರ ಬೇಗ ಉತ್ತರ ಕೊಟ್ಟೆ ಎಂದು ಅವಳಿಗೇ ಗೊತ್ತಾಯಿತು. ಅವನಿಗೂ ಗೊತ್ತಾಯಿತು. ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಕೋಪದ ನೋಟವಲ್ಲ. ಕೆಟ್ಟುಹೋದ ಯಂತ್ರದಲ್ಲಿ ತಪ್ಪೆಲ್ಲಿದೆ ಎಂದು ಹುಡುಕುವವನ ನೋಟ. ಆಮೇಲೆ ಮುಗುಳ್ನಕ್ಕ.

"ನಿಮ್ಮ ಪಾಪ ನೀಲಿ ರಿಬ್ಬನ್ ಕಟ್ಕೊಂಡು ಕಾನ್ವೆಂಟಿಗೆ ಹೋಗ್ತಾಳಲ್ಲ, ನೋಡ್ತಿರ್ತೀನಿ. ಚೆನ್ನಾಗಿದಾಳೆ. ಜೋಪಾನ ಅಮ್ಮಗಾರೂ, ರೋಡಲ್ಲಿ ಲಾರಿ ಜಾಸ್ತಿ."

ಅವನು ಮೆಟ್ಟಿಲಿಳಿಯುವ ಸದ್ದು ನಿಂತಮೇಲೂ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅನಂತರ ಒಮ್ಮೆಲೇ ಎಚ್ಚರವಾದಂತಾಗಿ, ಚಪ್ಪಲಿಯನ್ನೂ ಮೆಟ್ಟದೆ, ಮನೆಗೆ ಬೀಗವನ್ನೂ ಹಾಕದೆ ಕಾನ್ವೆಂಟಿನ ತನಕ ಓಡಿದಳು. ಶುಭಾ ತರಗತಿಯಲ್ಲಿ ಕೂತು ಗುಣಾಕಾರ ಮಾಡುತ್ತಿದ್ದಳು. ಅಮ್ಮನ ಬರಿಗಾಲನ್ನು ನೋಡಿ ಸಹಪಾಠಿಗಳು ನಕ್ಕದ್ದಕ್ಕೆ ಎರಡು ದಿನ ಮಾತು ಬಿಟ್ಟಳು.

ಅಂದಿನಿಂದ ಎಂಟು ತಿಂಗಳು ಮೃಣಾಲಿನಿಯೇ ಮಗಳನ್ನು ಬಿಟ್ಟು, ಕರೆದು ತರುತ್ತಿದ್ದಳು. ಸತ್ಯಮೂರ್ತಿಯವರ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಹದಿನೇಳು ಚೀಲಗಳಲ್ಲಿ ಒಂದನ್ನೂ ಬಿಚ್ಚಿ ನೋಡಲಿಲ್ಲ. ಇವನ್ನೆಲ್ಲ ಹಿಡಿದ ಕೈಗಳು ಏನಾದವು ಎಂಬ ಯೋಚನೆ ಬಂದರೆ ಊಟ ಸೇರುತ್ತಿರಲಿಲ್ಲ. ಚಂದ್ರಮೌಳಿ ಬ್ಯಾಂಕಿನ ಮೇಲಿನವರನ್ನು ಕಾಡಿ ಬೇಡಿ 1988ರ ಮೇ ತಿಂಗಳಲ್ಲಿ ವಿಜಯವಾಡಕ್ಕೆ ವರ್ಗ ಮಾಡಿಸಿಕೊಂಡ. ಸಾಮಾನು ಕಟ್ಟುವಾಗ ನವಿಲುಬಣ್ಣದ ಚೀಲವನ್ನು ಅವಳು ಹತ್ತಿಯ ದಿಂಬಿನೊಳಗಿಟ್ಟು ಹೊಲಿದಳು. ಹಾಗೆ ಹೊಲಿದಾದ ಮೇಲೆ, ಡಾಕ್ಟರ ಮುಖದ ಮೇಲಿದ್ದ ದಿಂಬು ನೆನಪಾಗಿ, ಬಿಚ್ಚಿ, ಹೊಲಿಗೆ ಸಾಮಾನಿನ ಪೆಟ್ಟಿಗೆಗೆ ಹಾಕಿದಳು.

ವಿಜಯವಾಡದ ಮನೆ ಬೆಂಜ್ ಸರ್ಕಲ್‌ನಿಂದ ಕೂಗಳತೆ ದೂರ. ಆಟೋನಗರಕ್ಕೆ ಹೋಗುವ ಲಾರಿಗಳು ಹಗಲೆಲ್ಲ ಗುಡುಗುತ್ತಿದ್ದವು. ಇಲ್ಲಿ ಅವನಿಗೆ ವಿಳಾಸ ಗೊತ್ತಿಲ್ಲ ಎಂದು ಗಂಡ ಹೇಳಿದ. ಅವಳೂ ತನಗೆ ತಾನೇ ಹೇಳಿಕೊಂಡಳು. ಆದರೂ ಫ್ಯಾನ್ ಕೆಟ್ಟರೆ ಬಿಸಿಲಲ್ಲಿ ಬೇಯುವಳೇ ಹೊರತು ರಿಪೇರಿಯವನನ್ನು ಮನೆಯೊಳಗೆ ಬಿಡಳು. ಬಸ್ ಸ್ಟಾಪಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ಎಷ್ಟೋ ಸಲ ಅವನನ್ನು ಕಂಡೆನೆಂದು ಬೆಚ್ಚಿ, ಹತ್ತಿರ ಹೋದರೆ ಬೇರೆ ಯಾರೋ. ಆ ಡಿಸೆಂಬರಿನಲ್ಲಿ ಒಬ್ಬ ಶಾಸಕರ ಕೊಲೆಯಾಗಿ, ಗಲಭೆಯಲ್ಲಿ ಊರಿಗೆ ಬೆಂಕಿ ಬಿದ್ದು, ಕರ್ಫ್ಯೂ ಹಾಕಿದಾಗ ಅಕ್ಕಪಕ್ಕದವರೆಲ್ಲ ನಡುಗುತ್ತಿದ್ದರು. ಮೃಣಾಲಿನಿಗೆ ಒಂದೂಕಾಲು ವರ್ಷದ ಮೇಲೆ ಮೊದಲ ಬಾರಿ ಸರಿಯಾದ ನಿದ್ದೆ ಬಂತು. ಬೀದಿಯಲ್ಲಿ ಯಾರೂ ತಿರುಗಾಡುವಂತಿಲ್ಲ, ಯಾರೂ ಬೆಲ್ ಮಾಡುವಂತಿಲ್ಲ. ಕರ್ಫ್ಯೂ ಸಡಿಲಿಸಿದ ದಿನ ಅವಳು ಮತ್ತೆ ಹಗಲೇ ಬಾಗಿಲಿಗೆ ಚಿಲಕ ಹಾಕಿಕೊಂಡಳು. ಇದನ್ನು ಯಾರಿಗೂ ಹೇಳಿಕೊಳ್ಳಲಾಗಲಿಲ್ಲ.

ತೆಲುಗು ಓದಲು ಅವಳು ಬಹಳ ಹಿಂದೆಯೇ ಕಲಿತಿದ್ದಳು. ಅಕ್ಷರಗಳು ಕನ್ನಡದ ಅಕ್ಕತಂಗಿಯರಂತೆಯೇ ಇವೆಯಲ್ಲ. 1989ರ ಜೂನ್‌ನಲ್ಲಿ ಒಂದು ಬೆಳಿಗ್ಗೆ, ಪೇಪರಿನ ಒಳಪುಟದಲ್ಲಿ ಆರೇಳು ಸಾಲಿನ ಸುದ್ದಿ ಕಂಡಿತು. ವಿಶಾಖಪಟ್ಟಣದ ಡಾಕ್ಟರ್ ಅನಸೂಯಾ ಕೊಲೆ ಮೊಕದ್ದಮೆಯ ವಿಚಾರಣೆ ಶುರುವಾಗಿದೆ. ಆರೋಪಿ ಕನಕಲಕ್ಷ್ಮಿ, ನಲವತ್ತೆಂಟು ವರ್ಷ. ಜಾಮೀನಿಗೆ ಯಾರೂ ಮುಂದೆ ಬಾರದೆ ಇಪ್ಪತ್ತೆರಡು ತಿಂಗಳಿಂದ ಜೈಲಿನಲ್ಲಿದ್ದಾಳೆ.

ಮೃಣಾಲಿನಿ ಅದನ್ನು ಓದಿ ಒಲೆಯ ಮೇಲಿದ್ದ ಹಾಲು ಉಕ್ಕಿದ್ದನ್ನೂ ನೋಡಲಿಲ್ಲ. ಪೊಲೀಸರೇ ಬಿಡ್ತಾರೆ ಎಂದು ಗಂಡ ಹೇಳಿದ್ದ. ಬಿಟ್ಟಿರಲಿಲ್ಲ. ತಾನು ಅಕ್ಕಿಡಬ್ಬದಲ್ಲಿ ಕೈಯಾಡಿಸುತ್ತಿದ್ದಾಗ, ಊರು ಬದಲಿಸಿದಾಗ, ಹಬ್ಬಕ್ಕೆ ಒಬ್ಬಟ್ಟು ಮಾಡಿದಾಗ, ಅಷ್ಟು ದಿನವೂ ಆ ಹೆಂಗಸು ಒಳಗಿದ್ದಳು.

ಅಂದು ಸಂಜೆ ಗಂಡನಿಗೆ ಹೇಳಿದಳು. "ನಾನು ಹೋಗ್ತೀನಿ ರೀ."

"ಈಗ ಹೋದ್ರೆ ಇಷ್ಟು ದಿನ ಎಲ್ಲಿದ್ರಿ ಅಂತ ಕೇಳ್ತಾರೆ."

"ಕೇಳ್ಲಿ."

"ಅವನು ಹೊರಗಿದಾನೆ. ಪೇಪರಲ್ಲಿ ನಿನ್ನ ಹೆಸರು ಬರುತ್ತೆ. ಶುಭಾ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಚಂದ್ರಮೌಳಿ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದ. ಕೊನೆಗೆ ಅವನೇ ಅಂದ, "ಶುಭಾನ ಈ ವರ್ಷ ಹಾಸನದಲ್ಲಿ ಓದಿಸೋಣ. ನಿಮ್ಮಮ್ಮನ ಹತ್ರ ಇರ್ಲಿ. ಅವಳನ್ನ ಬಿಟ್ಟು ಬಂದಮೇಲೆ ನಾನೂ ಬರ್ತೀನಿ ನಿನ್ ಜೊತೆ. ತಪ್ಪು ನಂದೂ ಇದೆ."

ಕನಕಲಕ್ಷ್ಮಿಗೆ ಸರ್ಕಾರವೇ ಕೊಟ್ಟಿದ್ದ ವಕೀಲ ದುರ್ಗಾಪ್ರಸಾದ್. ಇಪ್ಪತ್ತೆಂಟು ವರ್ಷದ ಹುರುಪಿನ ಮನುಷ್ಯ. ಶುಭಾಳನ್ನು ಹಾಸನದಲ್ಲಿ ಬಿಟ್ಟು ಬಂದು, ಜುಲೈ ತಿಂಗಳಲ್ಲಿ ಬೆಳಗಿನ ರೈಲು ಹಿಡಿದು ಗಂಡ ಹೆಂಡತಿ ವಿಶಾಖಪಟ್ಟಣಕ್ಕೆ ಹೋದರು. ಸ್ಟೇಷನ್ನಿನಿಂದ ಹೊರಬರುವಾಗ ಮೃಣಾಲಿನಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ವಕೀಲರ ಕೋಣೆಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹಾದಿಯುದ್ದಕ್ಕೂ ಒಳಲಂಗದ ಜೇಬಿನಲ್ಲಿಟ್ಟುಕೊಂಡು ಬಂದಿದ್ದ ಚೀಲವನ್ನು ಮೇಜಿನ ಮೇಲಿಟ್ಟಳು.

ದುರ್ಗಾಪ್ರಸಾದ್ ರಸೀತಿಯನ್ನು ಬಿಡಿಸಿ ನೋಡಿದರು. "ಬಂದವನು ಹೇಗಿದ್ದಮ್ಮಾ?"

ಅವಳು ಹೇಳಿದಳು. ಹುಬ್ಬಿನ ಗೆರೆ ಎಂದಾಗ ಅವರು ಕೈಯೆತ್ತಿ ತಡೆದು, ಕಡತ ತಿರುವಿ, ಒಂದು ಹಾಳೆಯನ್ನು ಗಟ್ಟಿಯಾಗಿ ಓದಿದರು. ಹಿಡಿದ ದಿನವೇ ಕನಕಲಕ್ಷ್ಮಿ ಕೊಟ್ಟಿದ್ದ ಹೇಳಿಕೆ ಅದು. ಅಷ್ಟಮಿಗೆ ನಾಲ್ಕು ದಿನ ಮುಂಚೆ ಫ್ಯಾನ್ ರಿಪೇರಿಗೆ ಒಬ್ಬ ಬಂದಿದ್ದ. ಎಡಹುಬ್ಬು ಸೀಳಿದಂತಿತ್ತು. ಡಾಕ್ಟರಮ್ಮ ಮಂಚದ ಕಂಬಕ್ಕೆ ನೇತುಹಾಕಿದ್ದ ಮಣಿಚೀಲದಿಂದ ದುಡ್ಡು ತೆಗೆದು ಕೊಡುವುದನ್ನು ಅವನು ನೋಡುತ್ತಿದ್ದ.

"ಎರಡು ವರ್ಷದಿಂದ ಇದೇ ಮಾತು ಹೇಳ್ತಾ ಇದಾಳೆ. ಯಾರೂ ನಂಬಲಿಲ್ಲ" ಎಂದರು ದುರ್ಗಾಪ್ರಸಾದ್. "ನಿಜ ಹೇಳಬೇಕು ಅಂದ್ರೆ ನಾನೂ ಪೂರ್ತಿ ನಂಬಿರಲಿಲ್ಲ."

ಮೃಣಾಲಿನಿ ಸಾಕ್ಷಿ ಹೇಳಿದ್ದು ಸೆಪ್ಟೆಂಬರಿನಲ್ಲಿ. ಕೋರ್ಟಿನ ಬೆಂಚುಗಳಲ್ಲಿ ಮೂವತ್ತು ನಲವತ್ತು ಜನ ಕೂತಿದ್ದರು. ಕಟಕಟೆ ಹತ್ತುವಾಗ ಅವಳು ನ್ಯಾಯಾಧೀಶರನ್ನು ನೋಡಲಿಲ್ಲ. ಒಂದೊಂದೇ ಮುಖವನ್ನು, ಒಂದೊಂದೇ ಹುಬ್ಬನ್ನು ನೋಡುತ್ತಾ ಹೋದಳು. ಹಿಂದಿನ ಸಾಲಿನಲ್ಲಿ ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಒಬ್ಬನ ಕೈ ಕೆಳಗಿಳಿಯುವ ತನಕ ಅವಳಿಗೆ ಪ್ರಮಾಣ ವಚನದ ಮಾತುಗಳೇ ಕೇಳಿಸಲಿಲ್ಲ. ಕೈ ಇಳಿಯಿತು. ಅವನಲ್ಲ.

ಆಮೇಲೆ ಅವಳಿಗೆ ಕನಕಲಕ್ಷ್ಮಿ ಕಂಡಳು. ಗಿಡ್ಡಗೆ, ಬಡಕಲು ಹೆಂಗಸು. ಪೂರ್ತಿ ನರೆತ ತಲೆ. ಇವಳ ಕಡೆಗೆ ನೋಡುತ್ತಲೇ ಇರಲಿಲ್ಲ. ಮೇಜಿನ ಮೇಲಿದ್ದ ಚೀಲವನ್ನು ದಿಟ್ಟಿಸುತ್ತಿದ್ದಳು.

ಸರ್ಕಾರಿ ವಕೀಲರು ಒಂದು ಗಂಟೆ ಪ್ರಶ್ನೆ ಕೇಳಿದರು. "ಬ್ಯಾಂಕ್ ಅಧಿಕಾರಿಯ ಹೆಂಡತಿ, ಓದಿದವರು. ಎರಡು ವರ್ಷ ಯಾಕೆ ಸುಮ್ಮನಿದ್ದಿರಿ?"

"ಹೆದರಿಕೆಯಿಂದ."

"ಈಗ ಹೆದರಿಕೆ ಹೋಯಿತೋ?"

"ಇಲ್ಲ. ಈಗಲೂ ಇದೆ. ಕಾಲು ನಿಲ್ತಾ ಇಲ್ಲ."

ನ್ಯಾಯಾಧೀಶರು ಅವಳಿಗೊಂದು ಕುರ್ಚಿ ಹಾಕಿಸಿದರು.

ಸತ್ಯಮೂರ್ತಿಯವರೂ ಬಂದು, ಕೊಲೆ ಬೆಳಕಿಗೆ ಬಂದ ಮಾರನೆಯ ದಿನ, ಮಂಗಳವಾರ, ಹುಬ್ಬು ಸೀಳಿದ ಒಬ್ಬ ಚೀಲ ತಂದಿದ್ದು ನಿಜ, ಮೃಣಾಲಿನಿಯ ವಿಳಾಸ ಕೊಟ್ಟದ್ದು ತಾನೇ ಎಂದು ಹೇಳಿದರು. ಹೇಳುವಾಗ ಅತ್ತುಬಿಟ್ಟರು. ಕನ್ನಡಕದ ಅಂಗಡಿಯವನು ರಸೀತಿ ತನ್ನದೇ ಎಂದ. ನವೆಂಬರಿನಲ್ಲಿ ತೀರ್ಪು ಬಂತು. ಕನಕಲಕ್ಷ್ಮಿಯ ಬಿಡುಗಡೆಯಾಯಿತು. ಹುಬ್ಬು ಸೀಳಿದವನನ್ನು ಪೊಲೀಸರು ಹುಡುಕಿದರು. ಒಂದು ಬಾಡಿಗೆ ಕೋಣೆ ಪತ್ತೆಯಾಯಿತು, ಅದು ಖಾಲಿಯಿತ್ತು. ಅವನು ಸಿಗಲೇ ಇಲ್ಲ. ಚೀಲ ಕೋರ್ಟಿನಲ್ಲಿ ಉಳಿಯಿತು. ಅದನ್ನು ವಾಪಸ್ ಕೇಳುವ ಯೋಚನೆ ಮೃಣಾಲಿನಿಗೆ ಬರಲಿಲ್ಲ.

ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವಿಜಯವಾಡದ ಮನೆಯ ಬೆಲ್ ಆಯಿತು. ಯಾರನ್ನೂ ಬರಹೇಳಿರಲಿಲ್ಲ. ಅವಳು ಉಸಿರು ಹಿಡಿದು ಬಾಗಿಲ ಹಿಂದೆ ನಿಂತಳು. ಮತ್ತೆ ಬೆಲ್. ಆಮೇಲೆ ಹೆಂಗಸಿನ ದನಿ: "ಅಮ್ಮಾ, ನಾನು ಕನಕಲಕ್ಷ್ಮಿ."

ಆಗಲೂ ತಕ್ಷಣ ತೆಗೆಯಲಾಗಲಿಲ್ಲ. ಜೊತೆಯಲ್ಲಿ ಯಾರಾದರೂ ನಿಂತಿದ್ದರೆ? ಪಕ್ಕದ ಕಿಟಕಿಯಿಂದ ಬಗ್ಗಿ ನೋಡಿ, ಒಬ್ಬಳೇ ಎಂದು ಖಾತ್ರಿಯಾದಮೇಲೆ ಚಿಲಕ ತೆಗೆದಳು. ಕನಕಲಕ್ಷ್ಮಿ ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತಳು. ಕುರ್ಚಿ ಬೇಡವೆಂದಳು. ವಿಳಾಸ ವಕೀಲರು ಕೊಟ್ಟರೆಂದಳು. ಕಾಫಿ ಕೊಟ್ಟರೆ ಪಕ್ಕಕ್ಕಿಟ್ಟಳು.

"ನನ್ನನ್ನ ಹಿಡಿದ ವಾರವೇ ಅದು ನಿಮ್ಮ ಕೈಗೆ ಬಂತಲ್ಲಮ್ಮಾ?"

"ಹೌದು."

"ನಾನು ಒಳಗಿದೀನಿ ಅಂತ ಗೊತ್ತಿತ್ತು."

"ಗೊತ್ತಿತ್ತು."

ಲಾರಿಯೊಂದು ಹಾದುಹೋಗಿ ಕಿಟಕಿಯ ಗಾಜು ಅದುರಿತು. ಮೃಣಾಲಿನಿ ಅವಳೆದುರು ನೆಲದ ಮೇಲೆ ಕೂತು, "ತಪ್ಪಾಯ್ತು" ಎಂದಳು, ಕನ್ನಡದಲ್ಲೇ. ತೆಲುಗಿನಲ್ಲಿ ಏನೆನ್ನಬೇಕೆಂದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಕನಕಲಕ್ಷ್ಮಿಗೆ ಅರ್ಥವಾಗಿರಬೇಕು. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಕಾಫಿ ಕುಡಿದಳು. ಗನ್ನವರಂನಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದೇನೆ, ಭಾವನ ಇಡ್ಲಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ ಎಂದಳು. ಬಾಗಿಲ ಬಳಿ ತಿರುಗಿ, "ನನಗೂ ಹೆದರಿಕೆಯೇ ಅಮ್ಮಾ. ಅವನು ನನ್ನ ಮುಖಾನೂ ನೋಡಿದಾನೆ" ಎಂದು ಹೇಳಿ ಇಳಿದು ಹೋದಳು.

ಎರಡು ತಿಂಗಳಾದಮೇಲೆ ಅವಳು ಮತ್ತೆ ಬಂದಳು, ಒಂದು ಕಟ್ಟು ಗೋಂಗೂರ ಸೊಪ್ಪು ಹಿಡಿದುಕೊಂಡು. ಆಮೇಲೆ ಆಗಾಗ ಬರುತ್ತಿದ್ದಳು. ಅಕ್ಕತಂಗಿಯರಂತಾದರು ಎಂದರೆ ಸುಳ್ಳಾದೀತು. ಆದರೆ ಬೆಲ್ಲಿನ ಸದ್ದು ಕೇಳಿದರೆ ಎದೆ ನಿಲ್ಲುವುದು ಹೇಗೆಂದು ಮೃಣಾಲಿನಿ ವಿವರಿಸಿ ಹೇಳಬೇಕಾಗಿಲ್ಲದ ಒಬ್ಬಳೇ ಹೆಂಗಸು ಅವಳು. ಬರುವಾಗ ಬೆಲ್ ಒತ್ತದೆ ಕೆಳಗಿನಿಂದಲೇ ಹೆಸರು ಹೇಳಿ ಕೂಗುತ್ತಿದ್ದಳು.

1994ರಲ್ಲಿ ಒಂದು ಸಲ ಬಂದಾಗ ಕನಕಲಕ್ಷ್ಮಿ ಹೇಳಿದಳು, "ನಮ್ಮೂರಲ್ಲಿ ಲಕ್ಷ್ಮೀಕಾಂತಮ್ಮ ಅಂತ ರಿಟೈರಾದ ಟೀಚರಮ್ಮ ಇದಾರೆ. ಅವರ ಹತ್ರ ಒಂದು ಮಣಿಚೀಲ ಇದೆ. ಯಾರಿಗಾದ್ರೂ ಕೊಡ್ತೀನಿ ಅಂತಿದಾರೆ."

ಮೃಣಾಲಿನಿ ಏಳು ವರ್ಷದಿಂದ ಒಂದು ಚೀಲವನ್ನೂ ಕೊಂಡಿರಲಿಲ್ಲ. ಬೇಡ ಎಂದಳು. ಮೂರು ವಾರ ಬಿಟ್ಟು ತಾನೇ ಬಸ್ಸು ಹತ್ತಿ ಗನ್ನವರಂಗೆ ಹೋದಳು. ಕನಕಲಕ್ಷ್ಮಿ ಜೊತೆಗೆ ಕರೆದುಕೊಂಡು ಹೋದಳು. ಲಕ್ಷ್ಮೀಕಾಂತಮ್ಮ ಜಗಲಿಯಲ್ಲಿ ಕೂರಿಸಿ, ಕೆಂಪು ಬಿಳಿ ಮಣಿಯ ಚೀಲವೊಂದನ್ನು ತಂದು ಮಡಿಲಿಗೆ ಹಾಕಿದರು. ಮೃಣಾಲಿನಿ ಚೀಲವನ್ನು ತೆರೆಯದೆ, "ಇದು ನಿಮ್ಮದೇ ತಾನೇ?" ಎಂದು ಕೇಳಿದಳು. ಮತ್ತೆ ಕೇಳಿದಳು. ಮೂರನೆಯ ಸಲವೂ ಕೇಳಿದಾಗ ಕನಕಲಕ್ಷ್ಮಿಯಿಂದ ಹಳೆಯ ಕಥೆ ಕೇಳಿದ್ದ ಆಕೆ ಬೇಸರಪಡದೆ ಎದ್ದುಹೋಗಿ ಒಂದು ಫೋಟೋ ತಂದರು. ಎರಡು ಜಡೆಯ ಹುಡುಗಿ, ಕೈಯಲ್ಲಿ ಅದೇ ಚೀಲ. "ನಮ್ಮಕ್ಕನ ಮದುವೆಗೆ ಮದ್ರಾಸಿನಿಂದ ತರಿಸಿದ್ದಮ್ಮಾ. ಬದುಕಿದೀನಿ, ನೋಡಿ" ಎಂದು ನಕ್ಕರು.

ಕನಕಲಕ್ಷ್ಮಿಯೂ ನಕ್ಕಳು. ಮೃಣಾಲಿನಿಗೆ ನಗು ಬರಲಿಲ್ಲ. ಆದರೆ ಚೀಲದ ಬಾಯಿ ತೆರೆದು, ಲೈನಿಂಗಿನ ಮೂಲೆಮೂಲೆಗೂ ಬೆರಳಾಡಿಸಿ, ಏನೂ ಇಲ್ಲವೆಂದು ನೋಡಿಕೊಂಡು, ಕೊಂಡಳು.

ಹೊತ್ತು ಇಳಿಯುವ ಮುಂಚೆ ಮನೆ ಸೇರಬೇಕೆಂಬ ಆತುರ ಅವಳಿಗೆ. ಇಬ್ಬರೂ ರಸ್ತೆಗೆ ಬಂದರು. ಬಸ್ಸು ತಡವಾಯಿತು. ಅಂಗಡಿಯಲ್ಲಿ ಸಂಜೆಯ ಕೆಲಸ ಕಾದಿದ್ದರೂ, ಬಸ್ಸು ಬರುವ ತನಕ ಕನಕಲಕ್ಷ್ಮಿ ಅವಳ ಜೊತೆಯಲ್ಲೇ ನಿಂತಿದ್ದಳು.